ದೇವರ ಹೆಸರಲ್ಲಿ ಗೋಪಮ್ಮ ಕೊಟ್ಟ ಮಾತು

ಹಿರೇಕೊಟ್ನೆಕಲ್ಲಿನ ಗೋಪಮ್ಮನಿಗೆ ಪ್ರಾರ್ಥನೆ ಮಾಡುತ್ತ ಮಾಡುತ್ತ ಹುರುಪು ಏರುತ್ತದೆ ಎಂಬುದು ಮಾನ್ವಿಯ ಚರ್ಚಿಗೆ ಹೋಗುವವರಿಗೆಲ್ಲ ಗೊತ್ತು. ಮೆಲ್ಲಗೆ ಶುರು ಮಾಡುತ್ತಾಳೆ. ನಡುವೆ ದನಿ ಏರುತ್ತದೆ. ಆಮೆನ್ ಅನ್ನುವ ಹೊತ್ತಿಗೆ ಅಕ್ಕಪಕ್ಕದವರು ಒಂದು ಮೊಳ ಸರಿದು ಕೂತಿರುತ್ತಾರೆ. "ಗೋಪಮ್ಮಾ, ದೇವರಿಗೆ ಕಿವಿ ಚಲೋ ಕೇಳಸ್ತಾವ" ಎಂದು ಪಾಸ್ಟರ್ ಹೇಳಿ ನೋಡಿದರು, ಉಪಯೋಗವಾಗಲಿಲ್ಲ.

ಇಂಥವಳನ್ನು ಜೈಲಿಗೆ ಕಳಿಸಿದವರು ಯಾರು ಎಂದು ಕೇಳಬೇಡಿ, ಅವಳೇ ಹೊರಟಳು. ಹತ್ತಿ ಬಿಡಿಸಿ, ಭತ್ತದ ಸಸಿ ಹಚ್ಚಿ ಬೆಳೆದವಳು ಗೋಪಮ್ಮ. ಓದು ಕಲಿತದ್ದು ಮದುವೆಯಾದ ಮೇಲೆ, ಚರ್ಚಿನ ಹೆಂಗಸರ ನಡುವೆ ಕೂತು, ಅಕ್ಷರದ ಮೇಲೆ ಬೆರಳಿಟ್ಟು ಕೂಡಿಸಿ ಕೂಡಿಸಿ. ಬೈಬಲ್ ಓದುವಾಗ ಸೆರೆಯಲ್ಲಿದ್ದವರನ್ನು ಹೋಗಿ ನೋಡಬೇಕು ಎಂಬ ಮಾತು ಬಂದ ದಿನವೇ ಎದ್ದು ನಿಂತು, "ಹಂಗಾರ ನಾವ್ಯಾಕ ಹೋಗಂಗಿಲ್ಲ?" ಎಂದು ಕೇಳಿದಳು. ಪಾಸ್ಟರ್ ಓಡಾಡಿ ಅನುಮತಿ ತಂದುಕೊಟ್ಟರು. ಅಂದಿನಿಂದ ಶನಿವಾರ ಬಂತೆಂದರೆ ಗೋಪಮ್ಮ ರಾಯಚೂರಿನ ಬಸ್ಸು ಹತ್ತುತ್ತಾಳೆ. ಹೆಂಗಸರ ವಾರ್ಡಿನಲ್ಲಿ ಜಮಖಾನ ಹಾಸಿ, ಒಂದು ಹಾಡು ಹೇಳಿ, ಬೈಬಲ್ಲಿನ ಒಂದು ವಾಕ್ಯ ಓದಿ, ಆಮೇಲೆ ಬಹಳ ಹೊತ್ತು ಅವರ ಮಾತು ಕೇಳುತ್ತಾಳೆ. ಎಲ್ಲ ಜಾತಿ, ಎಲ್ಲ ಧರ್ಮದವರೂ ಬಂದು ಕೂರುತ್ತಾರೆ. ಹೊರಗಿನವರೊಬ್ಬರು ತಮ್ಮನ್ನು ನೋಡಲು ಬರುವುದೇ ಅವರಿಗೆ ಹಬ್ಬ.

ಎಡವಟ್ಟು ನಡೆದದ್ದು ಡಿಸೆಂಬರಿನ ಒಂದು ಶನಿವಾರ. ದೇವದುರ್ಗದ ಕಡೆಯ ಮಸರಕಲ್ಲಿನ ಬೂದೆಮ್ಮ, ಗಂಡ ತೀರಿಹೋದವಳು, ನಳದ ಕಟ್ಟೆಯ ಜಗಳದಲ್ಲಿ ಕೊಡ ಬೀಸಿ ಒಬ್ಬಳ ತಲೆ ಒಡೆದ ಕೇಸಿನಲ್ಲಿ ಬೇಸಿಗೆಯಿಂದ ಒಳಗಿದ್ದಳು. ಪೆಟ್ಟು ತಿಂದವಳು ಯಾವತ್ತೋ ಗುಣವಾಗಿ ಅದೇ ನಳಕ್ಕೆ ನೀರಿಗೆ ಬರುತ್ತಿದ್ದಳು. ಬೂದೆಮ್ಮ ಮಾತ್ರ ಇಲ್ಲೇ ಉಳಿದಳು. "ಯಕ್ಕಾ, ಎಲ್ಲಾರೂ ನನ್ನ ಮರತಬಿಟ್ಟಾರ" ಎಂದು ಆವತ್ತು ಬಿಕ್ಕಿ ಬಿಕ್ಕಿ ಅತ್ತಳು. ಗೋಪಮ್ಮ ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆಗೆ ತೊಡಗಿದಳು. ಹುರುಪು ಏರಿತು. ಏರಿ ಏರಿ ಬಾಯಿಂದ ಬಂದೇ ಬಿಟ್ಟಿತು.

"ಈ ಕ್ರಿಸ್ಮಸ್ಸಿಗೆ ನೀ ನಿನ್ನ ಮನ್ಯಾಗ ಇರ್ತಿ, ಬೂದೆಮ್ಮಾ! ಕರ್ತ ನನಗ ಹೇಳ್ಯಾನ!"

ವಾರ್ಡಿಗೆ ವಾರ್ಡೇ ಚಪ್ಪಾಳೆ ತಟ್ಟಿತು. ಬೂದೆಮ್ಮ ಕಾಲು ಹಿಡಿದಳು. ಕಾವಲಿನ ಹೆಂಗಸು ಕೂಡ ಏನಾಯಿತೆಂದು ಇಣುಕಿ ನೋಡಿದಳು.

ಮರಳಿ ಹೋಗುವ ಬಸ್ಸಿನಲ್ಲಿ ಮುಖಕ್ಕೆ ಗಾಳಿ ಬಡಿದಾಗ ಗೋಪಮ್ಮನ ಹುರುಪು ಇಳಿಯಿತು. ಕರ್ತ ಏನೂ ಹೇಳಿರಲಿಲ್ಲ. ಹೇಳಿದವಳು ಇವಳೇ! ತನ್ನ ಮರ್ಯಾದೆ ಹೋಗುವುದಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದಳು. ಆದರೆ ಬೂದೆಮ್ಮ ಈಗ ಆ ಒಂದು ಮಾತು ಹಿಡಿದುಕೊಂಡು ಕೂತಿದ್ದಾಳೆ. ಅದು ಸುಳ್ಳಾದರೆ ಅವಳು ಇನ್ನು ಯಾರನ್ನೂ, ದೇವರನ್ನೂ ನಂಬಲಾರಳು. "ಕರ್ತನೇ, ನಾ ಅಂದಬಿಟ್ಟೀನಿ, ನೀ ನಡಸಿಕೊಡು" ಎಂದು ಕಲ್ಲೂರು ದಾಟುವ ತನಕ ಗೊಣಗಿದಳು.

ಹಾಗೆಂದು ದೇವರು ನಡೆಸಿಕೊಡಲಿ ಎಂದು ಕೈಕಟ್ಟಿ ಕೂರುವ ಪೈಕಿಯವಳಲ್ಲ ಗೋಪಮ್ಮ. ಸೋಮವಾರವೇ ರಾಯಚೂರಿನ ಕೋರ್ಟಿಗೆ ಹೋಗಿ, ಬೂದೆಮ್ಮನ ಪರವಾಗಿ ಸರಕಾರ ನೇಮಿಸಿದ್ದ ವಕೀಲೆ ಮಾಧವಿಯವರನ್ನು ಹಿಡಿದಳು.

"ಆಕಿಗೆ ಬೇಲ್ ಯಾವಾಗೋ ಆಗ್ಯದಲ್ರೀ" ಎಂದರು ಮಾಧವಿ. "ತಮ್ಮ ಹೊಲದ ಪಹಣಿ ಕೊಟ್ಟು ಜಾಮೀನು ನಿಲ್ಲೋರು ಒಬ್ಬರು ಬೇಕು. ಯಾರೂ ಬಂದಿಲ್ಲ. ಅದಕ್ಕ ಒಳಗಿದ್ದಾಳ."

ಇಷ್ಟೇ ಏನು! ಗೋಪಮ್ಮ ಅಲ್ಲೇ ಕುಣಿಯುವುದೊಂದು ಬಾಕಿ. ಬೂದೆಮ್ಮನಿಗೆ ಊರಲ್ಲಿ ಹೊಲವಿರುವ ಒಡಹುಟ್ಟಿದ ಅಣ್ಣ ಇದ್ದಾನಲ್ಲ!

"ಪೂರ್ತಿ ಕೇಳ್ರಿ. ಕ್ರಿಸ್ಮಸ್ ರಜಾ ಶುರುವಾದರ ಕೋರ್ಟು ತೆರೆಯೋದು ಹೊಸ ವರ್ಷಕ್ಕ. ಏನಿದ್ದರೂ ರಜಾಕ್ಕಿಂತ ಮೊದಲ ಆಗಬೇಕು" ಎಂದರು ಮಾಧವಿ.

ಕ್ರಿಸ್ಮಸ್ಸೇ ತನ್ನ ಕ್ರಿಸ್ಮಸ್ಸಿಗೆ ಅಡ್ಡ ಬಂದೀತೆಂದು ಗೋಪಮ್ಮ ಕನಸಿನಲ್ಲೂ ಎಣಿಸಿರಲಿಲ್ಲ. ಮರುದಿನವೇ ದೇವದುರ್ಗದ ದಾರಿ ಹಿಡಿದು ಮಸರಕಲ್ಲಿಗೆ ಹೋದಳು.

ಅಣ್ಣ ಅಮರೇಶ ಚಹಾ ಕುಡಿಸಿದ, ತಂಗಿಯ ಆರೋಗ್ಯ ಕೇಳಿದ, ಜಾಮೀನಿನ ಮಾತು ಬಂದೊಡನೆ ನೆಲ ನೋಡಿದ.

"ತಂಗಿ ಮ್ಯಾಲ ಮಾಯೆ ಮಮತಿ ಇಲ್ಲಂತಲ್ರೀ ಯಕ್ಕಾ. ಪೆಟ್ಟು ತಿಂದಾಕಿ ನನ್ನ ಹೆಂಡ್ತಿ ಖಾಸ ಅಕ್ಕ. ನಾ ಜಾಮೀನು ನಿಂತ್ರ ಈ ಮನ್ಯಾಗ ಒಲಿ ಹತ್ತಂಗಿಲ್ಲ."

ಗೋಪಮ್ಮನಿಗೆ ಸಿಟ್ಟು ಬಂತು, ಹಿಂದೆಯೇ ಅವನ ಫಜೀತಿ ನೋಡಿ ಕನಿಕರವೂ ಬಂತು. ಬಸ್ಸಿಗೆ ಕಾಯುತ್ತಿದ್ದಾಗ ಅಮರೇಶ ಓಡುತ್ತ ಬಂದು ಅವಳ ಕೈಯಲ್ಲಿ ಬೀಗದ ಕೈ ತುರುಕಿದ. "ಆಕಿ ಮನೀದು. ನಾ ಕೊಟ್ಟೆ ಅಂತ ನಮ್ಮನಿಯಾಕಿಗೆ ಹೇಳಬ್ಯಾಡ್ರಿ" ಎಂದವನು ತಿರುಗಿಯೂ ನೋಡದೆ ಹೋದ.

ಇನ್ನು ಉಳಿದದ್ದು ಒಂದೇ ಹೊಲ. ಅವಳ ಗಂಡ ತಾಯಣ್ಣನ ಹೆಸರಿನ ಎರಡೆಕರೆ, ಅವನ ಅಪ್ಪ ಮಂದಿಯ ಹೊಲದಲ್ಲಿ ದುಡಿದು ದುಡಿದು ಮಾಡಿದ್ದು. ಹೆಂಡತಿ ಚರ್ಚಿಗೆ ಹೋದರೆ ತಾಯಣ್ಣ ಮನೆಯಲ್ಲಿ ಬುದ್ಧನ ಪಟಕ್ಕೆ ಹೂವು ಏರಿಸುವವ. ಒಬ್ಬರನ್ನೊಬ್ಬರು ಕಿಚಾಯಿಸದೆ ಇಬ್ಬರಿಗೂ ಊಟ ಸೇರುವುದಿಲ್ಲ. ಗೋಪಮ್ಮ ರೊಟ್ಟಿ ಬಡಿಸುತ್ತ ಎಲ್ಲವನ್ನೂ ಹೇಳಿದಳು.

"ಮಾತು ಕೊಟ್ಟದ್ದು ದೇವರ ಹೆಸರ್ಲೆ" ಎಂದ ತಾಯಣ್ಣ. "ಆತನ ಹೆಸರ್ಲೆ ಪಹಣಿ ಇದ್ರ ಅದನ್ನ ಒಯ್ದು ಇಡು. ನನ್ನದ್ಯಾಕ ಬೇ?"

ಬೇರೆ ದಿನವಾಗಿದ್ದರೆ ಗೋಪಮ್ಮ ಎರಡರಷ್ಟು ತಿರುಗಿ ಕೊಡುತ್ತಿದ್ದಳು. ಆವತ್ತು ಅವಳ ಕಣ್ಣಲ್ಲಿ ನೀರು ಬಂತು.

"ನಾ ಸುಳ್ಳು ಹೇಳೀನಿ. ಆಕಿ ಖರೇ ಅಂತ ನಂಬ್ಯಾಳ."

ತಾಯಣ್ಣ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟ. "ನೋಡದ ಮಾರಿಗೆ ಹೊಲ ಹೆಂಗ ಇಡ್ಲಿ? ಒಮ್ಮೆ ತೋರ್ಸು" ಎಂದ.

ಭೇಟಿಯ ದಿನ ಜಾಲರಿಯ ಆಚೆ ಬೂದೆಮ್ಮ ನಿಂತಳು. ತಾಯಣ್ಣ ಸುತ್ತಿ ಬಳಸಿ ಮಾತಾಡುವವನಲ್ಲ. "ಯವ್ವಾ, ನೀ ತಲಿ ಒಡದದ್ದು ಖರೇನ?" ಎಂದ.

"ಖರೇ ರೀ ಯಪ್ಪಾ. ಸಿಟ್ಟಿನ್ಯಾಗ ಬೀಸಿದೆ. ಬೀಸಬಾರದಿತ್ರೀ."

"ಕೋರ್ಟಿನ ತಾರೀಖಿಗೆ ತಪ್ಪದಂಗ ಬರ್ತಿ?"

"ಬರ್ತೀನ್ರೀ."

ಹೊರಗೆ ಬಂದ ತಾಯಣ್ಣ ಹೆಂಡತಿಗೆ, "ಕೇಳಿದ್ದಕ್ಕ ಖರೇನ ಹೇಳಿದಳು. ನಿನಗಿಂತ ಚಲೋ ಅದಾಳ" ಎಂದ. ಗೋಪಮ್ಮನಿಗೆ ಈ ಬೈಗುಳದಷ್ಟು ಸಿಹಿಯಾದದ್ದು ಆ ತಿಂಗಳಲ್ಲಿ ಬೇರೇನೂ ಕಿವಿಗೆ ಬಿದ್ದಿರಲಿಲ್ಲ.

ಕಾಗದಪತ್ರ ಹೊಂದಿಸುವಷ್ಟರಲ್ಲಿ ರಜೆಗೆ ಮುಂಚಿನ ಕೊನೆಯ ದಿನ ಬಂದೇ ಬಿಟ್ಟಿತು. ಕೋರ್ಟಿನಲ್ಲಿ ಕಾಲಿಡಲು ಜಾಗವಿಲ್ಲ. ಒಂದೊಂದೇ ಕೇಸು ಕೂಗುತ್ತಾರೆ, ಇವರದಲ್ಲ. ಮಧ್ಯಾಹ್ನವೂ ಜಾರಿತು. ಗೋಪಮ್ಮ ಬಾಗಿಲ ಹತ್ತಿರ ನಿಂತು ತುಟಿ ಅಲುಗಿಸುತ್ತಿದ್ದಳು, ಈ ಸಲ ದನಿ ಮಾತ್ರ ಹೊರಡಲಿಲ್ಲ. ಕೊನೆಗೂ ತಾಯಣ್ಣನ ಹೆಸರು ಬಂತು.

"ಆರೋಪಿ ನಿಮಗೇನಾಗಬೇಕು?" ಎಂದರು ನ್ಯಾಯಾಧೀಶರು.

"ಏನೂ ಆಗಬೇಕಾಗಿಲ್ರೀ ಸಾಹೇಬ್ರ. ಮೊನ್ನೆ ಹೋಗಿ ನೋಡೀನಿ, ಮಾತಾಡ್ಸೀನಿ. ಬರ್ತೀನಂದಾಳ. ನಂಬೀನಿ."

"ಅವಳು ಬರದಿದ್ದರೆ ನಿಮ್ಮ ಹೊಲಕ್ಕೆ ಕುತ್ತು ಬರುತ್ತದೆ, ಗೊತ್ತೇನು?"

"ಗೊತ್ತದ ರೀ. ಅದಕ್ಕ ನಿದ್ದಿ ಹತ್ತಿಲ್ರೀ."

ವಕೀಲರೆಲ್ಲ ನಕ್ಕರು. ನ್ಯಾಯಾಧೀಶರು ನಗದೆ ಸಹಿ ಹಾಕಿದರು.

ಆದೇಶ ಜೈಲು ತಲುಪಿ ಬೂದೆಮ್ಮ ಹೊರಬಂದಾಗ ಹೊತ್ತು ಮುಳುಗುತ್ತಿತ್ತು. ಒಂದು ಕೈಚೀಲ ಹಿಡಿದು ಗೇಟಿನ ಬಳಿ ದಿಕ್ಕು ತೋಚದೆ ನಿಂತವಳ ಕೈಗೆ ಗೋಪಮ್ಮ ಬೀಗದ ಕೈ ಇಟ್ಟಳು. ಬೂದೆಮ್ಮ ಹೊರಳಿಸಿ ಹೊರಳಿಸಿ ನೋಡಿದಳು. "ಇದು ನಮ್ಮ ಮನೀದು!" ಎಂದು ಚೀರಿದಳು. "ಯಕ್ಕಾ, ನಮ್ಮ ಮನೀದು!" ಇಬ್ಬರೂ ನಡುರಸ್ತೆಯಲ್ಲಿ ತಬ್ಬಿಕೊಂಡು ಅತ್ತರು, ನಕ್ಕರು, ಆಟೊದವರು ಹಾರ್ನು ಹೊಡೆದರೂ ಸರಿಯಲಿಲ್ಲ. ಕೊನೆಗೆ ತಾಯಣ್ಣನೇ ರಟ್ಟೆ ಹಿಡಿದು ಎಳೆದ.

ಕ್ರಿಸ್ಮಸ್ ದಿನ ಗೋಪಮ್ಮ ಕೇಕು ತೆಗೆದುಕೊಂಡು ವಾರ್ಡಿಗೆ ಹೋದಾಗ ಎಂಥ ಗದ್ದಲ! ಕರ್ತ ಹೇಳಿದ ಮಾತು ನಿಜವಾಯಿತಲ್ಲ! ಗೋಪಮ್ಮನ ಕೈ ಮುಟ್ಟಲು ನಾ ಮುಂದೆ ತಾ ಮುಂದೆ ಎಂದು ನುಗ್ಗಿದರು. ಅವರ ನಡುವಿನಿಂದ ನಿಗಾರ್ ಎಂಬ ಚಿಕ್ಕ ವಯಸ್ಸಿನ ಹೆಂಗಸು ಮುಂದೆ ಬಂದಳು. ಒಳಗೆ ಬಂದಂದಿನಿಂದ ಅವಳನ್ನು ನೋಡಲು ಯಾರೂ ಬಂದಿರಲಿಲ್ಲ.

"ಅಕ್ಕಾ, ನನ್ನ ಬಗ್ಗಿ ಕರ್ತ ಏನಂದಾನ್ರೀ?"

ಗೋಪಮ್ಮನಿಗೆ ಹುರುಪು ಏರಿತು, ಬಾಯಿ ತೆರೆಯಿತು. ಎಷ್ಟು ಸುಲಭವಿತ್ತು! ಇವತ್ತು ಏನು ಹೇಳಿದರೂ ನಂಬುತ್ತಿದ್ದರು. ತೆರೆದ ಬಾಯಿ ಮುಚ್ಚಿಕೊಂಡಳು.

"ನಿನ್ನ ಬಗ್ಗಿ ಏನೂ ಹೇಳಿಲ್ಲ ನಿಗಾರ್. ಬೂದೆಮ್ಮನ ಬಗ್ಗಿನೂ ಹೇಳಿದ್ದಿಲ್ಲ. ಹುರುಪಿನ್ಯಾಗ ನಾನ ಅಂದಬಿಟ್ಟಿದ್ದೆ. ತಪ್ಪಾತು ನಂದು."

ನಾಚಿಕೆಯಿಂದ ಗೋಪಮ್ಮನ ಮೈ ಬಿಸಿಯಾಯಿತು. ನಿಗಾರ್ ಅವಳನ್ನೇ ದಿಟ್ಟಿಸಿ ನೋಡಿ ಕೈ ಹಿಡಿದುಕೊಂಡಳು.

"ಹಂಗಾರ ನನಗೂ ನೀವ ಒಂದು ಮಾತು ಅನ್ರೀ ಅಕ್ಕಾ. ಸಾಕು."

ಗೋಪಮ್ಮ ಅನ್ನಲಿಲ್ಲ. ಜಮಖಾನದ ಮೇಲೆ ಅವಳೆದುರು ಕಾಲು ಮಡಚಿ ಕೂತು, "ಮೊದಲ ಹೇಳು, ನಿಮ್ಮ ಮನ್ಯಾಗ ಯಾರ್ಯಾರದಾರ?" ಎಂದು ಕೇಳಿದಳು.