ಸೋರಲು ಕಲಿತ ಪೈಪು

ನಲವತ್ತು ವರ್ಷ ಪ್ಲಂಬರ್ ಕೆಲಸ ಮಾಡಿದ ಅವನಿಗೆ ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವನು ವಾಷರಣ್ಣ. ಅಂಗಿ ಜೇಬು, ಪ್ಯಾಂಟಿನ ಜೇಬು, ಕನ್ನಡಕದ ಡಬ್ಬಿ, ಎಲ್ಲಿ ಕೈಹಾಕಿದರೂ ರಬ್ಬರ್ ವಾಷರು. ಅವನು ಬಿಗಿದ ನಲ್ಲಿಯಿಂದ ಹನಿ ಬಿದ್ದದ್ದನ್ನು ಕಂಡವರಿಲ್ಲ. ಒಮ್ಮೆ ಯಾರದೋ ಮನೆಯ ನಲ್ಲಿಯನ್ನು ಎಷ್ಟು ಬಿಗಿದನೆಂದರೆ, ಪಕ್ಕದ ಬೀದಿಯಲ್ಲಿ ಸುರಿಯುತ್ತಿದ್ದ ಮಳೆಯೂ ನಿಂತಿತಂತೆ. ಇದರಲ್ಲಿ ಅರ್ಧ ಸುಳ್ಳೆಂದು ಕಳೆದರೂ ಅರ್ಧ ಮಳೆಯಾದರೂ ನಿಂತಿರಲೇಬೇಕು.

ಹಿತ್ತಲಿದ್ದ ಹಳೆಯ ಬಾಡಿಗೆ ಮನೆ ರಸ್ತೆ ಅಗಲ ಮಾಡುವಾಗ ಹೋಯಿತು. ಗಂಡ ಹೆಂಡತಿ ಮೂರನೆಯ ಮಹಡಿಯ ಎರಡು ಕೋಣೆಗೆ ಬಂದರು. ಬಾಲ್ಕನಿ ಎಂಬುದೊಂದಿತ್ತು, ಇಬ್ಬರು ನಿಂತರೆ ಒಬ್ಬರು ಉಸಿರು ಬಿಗಿಹಿಡಿಯಬೇಕು. ಹಳೆಯ ಹಿತ್ತಲಲ್ಲಿ ತಾನು ಬೆಳೆದ ಕುಂಬಳಕಾಯಿಯ ಮೇಲೆ ನೆಂಟರನ್ನು ಕೂರಿಸಿ ಕಾಫಿ ಕೊಡುತ್ತಿದ್ದ ಹೆಂಗಸು ಆಕೆ. ಇಲ್ಲಿ ಬೆಳಗೆದ್ದು ಬಾಲ್ಕನಿಯ ಬಾಗಿಲಲ್ಲಿ ನಿಂತು, ಮಣ್ಣೇ ಇಲ್ಲದ ಕೈ ಒರೆಸಿಕೊಂಡು ಒಳಗೆ ಬರುತ್ತಿದ್ದಳು. ಮಾತು ಕಡಿಮೆಯಾಯಿತು, ಆಮೇಲೆ ಊಟ. ಅಂಗಡಿಯ ಸೊಪ್ಪನ್ನು ಮೂಸಿ ಬದಿಗೆ ತಳ್ಳಿಬಿಡುತ್ತಿದ್ದಳು.

ವಾಷರಣ್ಣ ಬಾಲ್ಕನಿಯ ಗೋಡೆಯನ್ನು ಗೇಣು ಹಾಕಿ ಅಳೆದ. "ತೋಟ ಮಲಗೋಕೆ ಜಾಗ ಇಲ್ದಿದ್ರೆ ಏನಂತೆ? ಗೋಡೆಗೆ ನಿಲ್ಲಿಸ್ತೀನಿ ಬಿಡು," ಎಂದ.

"ನಿಮ್ಮ ತಲೆ," ಎಂದಳು. ಆ ವಾರ ಆಕೆ ಆಡಿದ ಅತಿ ಉದ್ದದ ಮಾತು ಅದು. ಅವನಿಗೆ ಧೈರ್ಯ ಬಂತು.

ಕೆಳಗಿನ ಮಹಡಿಯಲ್ಲಿದ್ದ ಮನೆಯ ಯಜಮಾನಿ, ಎಲ್ಲರ ಬಾಯಲ್ಲಿ ಓನರಮ್ಮ, ಆಗಷ್ಟೇ ಗೋಡೆಗೆಲ್ಲ ಬಣ್ಣ ಬಳಿಸಿದ್ದರು. ಅವನು ಹೋಗಿ ಒಪ್ಪಿಗೆ ಕೇಳಿದ. "ಎರಡು ತಿಂಗಳು ನೋಡ್ತೀನಿ. ಗೋಡೆ ಮೇಲೆ ಒಂದೇ ಒಂದು ನೀರಿನ ಕಲೆ ಕಂಡ್ರೂ ಎಲ್ಲಾ ಕಿತ್ತು ಕೆಳಗಿಳಿಸ್ಬೇಕು."

"ನನ್ನ ಪೈಪು ಸೋರೋದಾ ಓನರಮ್ಮ? ಮೊದ್ಲು ಆಕಾಶ ಸೋರುತ್ತೆ."

ನಾಲ್ಕು ದಪ್ಪ ಪೈಪುಗಳನ್ನು ತಂದು, ಗಿಡ ನೆಡಲು ಮೇಲ್ಮೈಯಲ್ಲಿ ಬಾಯಿ ಕೊರೆದು, ಎರಡೂ ತುದಿಗೆ ಮುಚ್ಚಳ ಅಂಟಿಸಿ, ಕಬ್ಬಿಣದ ಚೌಕಟ್ಟಿಗೆ ಏಣಿಯ ಮೆಟ್ಟಿಲಿನಂತೆ ಒಂದರ ಕೆಳಗೊಂದು ಅಡ್ಡಡ್ಡ ಬಿಗಿದ. ಚೌಕಟ್ಟು ಗೋಡೆಯಿಂದ ನಾಲ್ಕು ಬೆರಳು ದೂರ ನಿಂತಿತು. ಹೆಂಡತಿ ಮಣ್ಣು ಗೊಬ್ಬರ ಕಲಸಿ ತುಂಬಿದಳು. ಪಾಲಕ್, ಕೊತ್ತಂಬರಿ ಬಿತ್ತಿದಳು, ಪುದೀನ ನೆಟ್ಟಳು. ಅವನು ದಿನಕ್ಕೆರಡು ಸಲ ನೀರು ಹುಯ್ದು, ತಳ ಸವರಿ, ನೀರು ಸೋಕದ ಬೆರಳನ್ನು ಆಕೆಗೆ ತೋರಿಸಿ ಬೀಗುತ್ತಿದ್ದ.

ಮೂರನೆಯ ವಾರಕ್ಕೆ ಎಲೆಗಳು ಹಳದಿಯಾದವು. ಬಾಯಾರಿಕೆಯೆಂದು ಅವನು ಇನ್ನಷ್ಟು ಹುಯ್ದ. ಸೊಳ್ಳೆಗಳು ಸಂಸಾರ ಸಮೇತ ಬಂದು ಬಿಡಾರ ಹೂಡಿದವು. ಹೆಂಡತಿ ಒಂದು ಗಿಡ ಕಿತ್ತು ನೋಡಿದಳು. ಬೇರು ಕಪ್ಪಗೆ ಕೊಳೆತಿತ್ತು.

"ರೀ, ತಳಕ್ಕೆ ತೂತು ಎಲ್ಲಿ?"

"ತೂತಾ?" ಯಾರದೋ ಜೇಬು ಕತ್ತರಿಸು ಎಂದಂತಾಯಿತು ಅವನಿಗೆ. "ನಾನು ಹಾಕಿದ ಪೈಪಿಗಾ?"

"ಮತ್ತೆ ನೀರು ಹೋಗೋದು ಹೇಗೆ?"

"ಹೋಗ್ಬಾರ್ದು ಅಂತ್ಲೇ ಅಲ್ವೇನೇ ಇಷ್ಟು ಒದ್ದಾಡಿದ್ದು!"

"ಗಿಡಕ್ಕೆ ಈಜು ಬರಲ್ಲ ಕಣ್ರೀ," ಎಂದು ಆಕೆ ಸತ್ತ ಸಸಿಯನ್ನು ಅವನ ಅಂಗೈಯಲ್ಲಿಟ್ಟು ಒಳಗೆ ಹೋದಳು.

ತೂತು ಹಾಕದಿದ್ದರೆ ಗಿಡ ಸಾಯುತ್ತದೆ. ಹಾಕಿ ಗೋಡೆ ನೆನೆದರೆ ತೋಟವೇ ಹೋಗುತ್ತದೆ. ಮರುದಿನ ಡ್ರಿಲ್ಲು ಹಿಡಿದು ಅರ್ಧ ಗಂಟೆ ನಿಂತ. ಕೊನೆಗೆ ಹೆಂಡತಿಯನ್ನು ಕರೆದು, "ಆ ಕಡೆ ತಿರುಗಿ ನಿಂತ್ಕೋ. ನೋಡ್ಬೇಡ," ಎಂದ. ತಾನೂ ಕಣ್ಣು ಮುಚ್ಚಿಕೊಂಡು ಮೊದಲ ತೂತು ಕೊರೆದ. ಟಪ್ ಎಂದು ಹನಿ ಬಿತ್ತು. ಅವನ ಎದೆ ಒಡೆದ ಸದ್ದು ಮೂರು ಬೀದಿಗೆ ಕೇಳಿಸಿತು.

ಆದರೆ ಬಿದ್ದ ಹನಿ ಎಲ್ಲಿಗೆ ಹೋಯಿತೆಂದು ನೋಡದೆ ಇರುವ ಪ್ಲಂಬರ್ ಇದ್ದಾನೆಯೇ? ನೋಡಿದ. ಕೈ ಚುರುಕಾಯಿತು. ಮೇಲಿನ ಪೈಪಿನ ಪ್ರತಿ ಹನಿಯೂ ಕೆಳಗಿನ ಪೈಪಿನ ಬಾಯಿಗೇ ಬೀಳುವಂತೆ ಅಳೆದು ಕೊರೆದ. ಕೊನೆಯದರ ಅಡಿಗೆ ಒಂದು ತಗಡಿನ ದೋಣಿ ಕಟ್ಟಿ, ನೀರನ್ನು ಬಕೆಟ್ಟಿಗೆ ಇಳಿಸಿದ. ಬಕೆಟ್ಟಿನದು ಮತ್ತೆ ಮೇಲಕ್ಕೆ. ಹೆಂಡತಿ ಮಣ್ಣು ಬದಲಿಸಿ ಹೊಸ ಬೀಜ ಬಿತ್ತಿದಳು.

ಎರಡು ತಿಂಗಳು ತುಂಬಿದ ದಿನ ಓನರಮ್ಮ ಟಾರ್ಚು ಹಿಡಿದು ಬಂದರು. ಪೈಪುಗಳ ಹಿಂದೆ ಬೆಳಕು ಬಿಟ್ಟರು, ಗೋಡೆ ಸವರಿದರು, ಮೂಸಿದರು. ಟಾರ್ಚು ಆರಿಸದೆಯೇ ಕೆಳಗಿಳಿದು ಹೋದರು. ತಮ್ಮ ಬಾಲ್ಕನಿಯ ಸೂರು ನೋಡಲು ಹೋಗಿದ್ದಾರೆಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತು. ಮೆಟ್ಟಿಲ ಮೇಲೆ ಮತ್ತೆ ಚಪ್ಪಲಿ ಸದ್ದಾಗುವವರೆಗೆ ಇಬ್ಬರೂ ಉಸಿರಾಡಲಿಲ್ಲ.

"ಕಲೆ ಇಲ್ಲ," ಎಂದರು ಓನರಮ್ಮ, ಸ್ವಲ್ಪ ಬೇಜಾರಿನಿಂದಲೇ. ಆಮೇಲೆ ಮೊಣಕೈವರೆಗೆ ಬೆಳೆದ ಪಾಲಕ್ ನೋಡುತ್ತಾ, "ಆ ಬಕೆಟ್ ನೀರು ಹಾಗೇ ಕೆಳಗೆ ನನ್ನ ಬಾಲ್ಕನಿಗೂ ಇಳಿಸೋಕಾಗುತ್ತಾ ವಾಷರಣ್ಣ? ನಂಗೂ ಒಂದೆರಡು ಪೈಪು..."

ಅವನು ಬಾಯಿ ತೆರೆಯುವುದರೊಳಗೆ ಹೆಂಡತಿ ಮುಂದೆ ಬಂದಳು. "ನಿಮ್ಮಲ್ಲಿ ಬಿಸಿಲು ಎಷ್ಟೊತ್ತಿಗೆ ಬರುತ್ತೆ ಅಕ್ಕ? ಮಣ್ಣು ನಾನು ಕಲಸ್ತೀನಿ. ಇವರ ಮಾತು ಕೇಳಿದ್ರೆ ಗಿಡಕ್ಕೂ ವಾಷರ್ ಹಾಕ್ತಾರೆ!"

ಹೀಗೆ ಶುರುವಾದ ಮಾತು ಬಿಸಿಲು, ಗೊಬ್ಬರ, ಹುಳು, ಮೆಣಸಿನ ಸಸಿ ಎಂದು ಹರಿದು ಹರಿದು, ಒಲೆಯ ಮೇಲಿದ್ದ ಮೊದಲ ಕೊಯ್ಲಿನ ಸೊಪ್ಪು ಸೀದು ಕರಕಲಾಯಿತು. ವಾಷರಣ್ಣ ಅದನ್ನೇ ಎರಡು ಸಲ ಹಾಕಿಸಿಕೊಂಡು ಉಂಡ. ಎದುರಿಗೆ ಕೂತ ಹೆಂಡತಿ ಮೂರು ಸಲ ಹಾಕಿಕೊಂಡಳು.