ಆಗಸ್ಟ್ ಇಲ್ಲದ ಹದಿನೇಳು ವರ್ಷ

ಬಾಸಿಲಿಯಾ ಚಂಪಿ ಕ್ಯಾಮೆರಾದ ಬ್ಯಾಟರಿಯನ್ನು ಅಂಗಿಯೊಳಗಿಂದ ಹೊರಗೆ ತೆಗೆಯುತ್ತಾರೆ. ರಾತ್ರಿಯಿಡೀ ಅದು ಅವರ ಮೈಗೆ ಅಂಟಿಕೊಂಡೇ ಇತ್ತು. ಹೊರಗಿಟ್ಟರೆ ಇಲ್ಲಿಯ ಚಳಿಗೆ ಬೆಳಗಾಗುವಷ್ಟರಲ್ಲಿ ಸತ್ತುಹೋಗುತ್ತದೆ. ಬಂಡೆಯಲ್ಲಿ ಕೊರೆದ ಗುಳಿಗಳಿಗೆ ಸ್ಟ್ಯಾಂಡಿನ ಮೂರು ಕಾಲು ಇಳಿಸುತ್ತಾರೆ. ಎದುರಿಗೆ ಅಪು ಸಾಲ್ಯ ಬೆಟ್ಟ, ಅದರ ಬುಡದಲ್ಲಿ ಜೌಗು ಹುಲ್ಲುಗಾವಲು. ಬಿಸಿಲು ತುದಿಯನ್ನು ಮುಟ್ಟಿದೆ. ಇನ್ನು ಗುಂಡಿ ಒತ್ತುವುದೊಂದೇ ಬಾಕಿ.

ಅವರು ಒತ್ತುವುದಿಲ್ಲ. ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡು ನಿಲ್ಲುತ್ತಾರೆ. ಇದು ಆಗಸ್ಟ್. ಈ ತಿಂಗಳಲ್ಲಿ ಅವರು ಈ ಬಂಡೆಯ ಮೇಲೆ ಕಾಲಿಟ್ಟಿರುವುದು ಇದೇ ಮೊದಲು.

ಅವರ ಹಿಂದೆ, ಸ್ವಲ್ಪ ಕೆಳಗೆ, ಎಂಬತ್ತು ದಾಟಿದ ದೋನ್ ಮೆಲ್ಚೋರ್ ಮಂಡಿಯೂರಿ ಕೂತಿದ್ದಾರೆ. ಊರಿನ ಪರವಾಗಿ ನೆಲತಾಯಿಗೂ ಬೆಟ್ಟಕ್ಕೂ ಎಡೆ ಇಡುವವರು ಅವರೇ. ಕೋಕಾ ಎಲೆ, ಆಲ್ಪಕದ ಕೊಬ್ಬು, ಒಂದಿಷ್ಟು ಮದ್ಯ ಎಲ್ಲವನ್ನೂ ಸುಟ್ಟು ಮುಗಿಸಿದ್ದಾರೆ.

"ಒತ್ತಮ್ಮ. ನಾನು ಹೇಳಿದ್ದೀನಿ ಅವಳಿಗೆ."

"ಏನಂದ್ಲು, ತಾತ?"

"ಏನೂ ಅನ್ಲಿಲ್ಲ."

ಬಾಸಿಲಿಯಾ ಗುಂಡಿ ಒತ್ತುತ್ತಾರೆ.

ಐವತ್ತೆರಡರ ಬಾಸಿಲಿಯಾ ಉಣ್ಣೆಗಾಗಿ ಸಾಕುವ ಆಲ್ಪಕಗಳನ್ನು ಮೇಯಿಸುವವರು. ಗಣಿ ಕೆಲಸಕ್ಕೆ ಹೋದ ಗಂಡ ಹಿಂತಿರುಗಲಿಲ್ಲ. ಹದಿನೇಳು ವರ್ಷದ ಹಿಂದೆ ವಿಶ್ವವಿದ್ಯಾಲಯದ ತಂಡವೊಂದು ಮೇಲೆ ಬಂದಿತ್ತು. ಒಂದೇ ಬಂಡೆಯ ಮೇಲಿಂದ, ಒಂದೇ ದಿಕ್ಕಿಗೆ, ವಾರಕ್ಕೊಮ್ಮೆ ಚಿತ್ರ ತೆಗೆಯುವವರು ಅವರಿಗೆ ಬೇಕಿತ್ತು. ಗಂಡಸರು ಯಾರೂ ಒಪ್ಪಲಿಲ್ಲ. ಆಲ್ಪಕ ಮಂದೆಯ ಹಿಂದೆ ಹೇಗೂ ಆ ದಾರಿಯಲ್ಲೇ ಹತ್ತುತ್ತಿದ್ದ ಬಾಸಿಲಿಯಾ ಒಪ್ಪಿದರು. ನಾಲ್ಕು ವರ್ಷ ಸಂಬಳ ಬಂತು. ಆಮೇಲೆ ಆ ಯೋಜನೆ ಮುಗಿಯಿತು, ತಂಡ ಹೋಯಿತು, ಕ್ಯಾಮೆರಾ ಉಳಿಯಿತು.

ಯಾಕೆ ಬಿಡಲಿಲ್ಲ ಎಂದು ಕೇಳಿದರೆ ನಗುತ್ತಾರೆ. "ಚಟ. ಮುಂದಿನ ವಾರ ಹೇಗಿರುತ್ತೋ ನೋಡೋಣ ಅನ್ಸುತ್ತೆ. ನೋಡಿದ್ಮೇಲೆ ಅದರ ಮುಂದಿನ ವಾರ."

ಮಳೆಗಾಲದ ಮೊದಲ ಹುಲ್ಲು, ಅದರಲ್ಲಿ ಹುಟ್ಟಿದ ಮರಿಗಳು, ಫೆಬ್ರುವರಿಯ ಮಂಜಿನಲ್ಲಿ ಏನೂ ಕಾಣದ ಬಿಳಿ ಚಿತ್ರಗಳು, ಏಪ್ರಿಲಿನಲ್ಲಿ ಕೆರೆಗಿಳಿಯುವ ಬಾತುಗಳು, ಆಲೂಗಡ್ಡೆಯನ್ನು ಬಯಲಲ್ಲಿ ಹರಡಿ ಹೆಪ್ಪುಗಟ್ಟಿಸುವ ಜೂನ್. ಎಲ್ಲವೂ ಅವರ ಬಳಿ ಇವೆ. ಮೊದಲ ವರ್ಷದ ಚಿತ್ರಗಳಲ್ಲಿ ಬೆಟ್ಟದ ಹಿಮ ಹೆಗಲಿನಿಂದ ಮಂಡಿಯವರೆಗೆ ಇಳಿದಿದೆ. ಈಗ ಅದು ಕೊರಳಿಗೆ ಸುತ್ತಿಕೊಂಡ ಹರಕು ವಸ್ತ್ರದಷ್ಟೇ. ಹಿಮ ಕರಗಿದ ನೀರಿನಿಂದಲೇ ಹುಲ್ಲುಗಾವಲು ಬದುಕಬೇಕು. ನೀರು ಕಡಿಮೆಯಾದಂತೆ ಹುಲ್ಲು ಅಂಚಿನಿಂದ ಒಳಕ್ಕೆ ಕಪ್ಪಾಗುತ್ತ ಬಂದಿದೆ.

ಹೊಳೆಯ ಆಚೆ ದಡದಲ್ಲಿ ಅಕ್ಕ ಪೆಲಾಹಿಯಾ ಅವರ ಮನೆ. ತಂಗಿ ಬಂಡೆ ಹತ್ತುವುದನ್ನು ನೋಡಿದಾಗಲೆಲ್ಲ ಅವರು ಅಂಗಳದಿಂದ ಕೂಗುತ್ತಾರೆ.

"ಆ ಮುದಿ ಬೆಟ್ಟಕ್ಕೆ ವಾರ ವಾರ ಫೋಟೊ! ಒಡಹುಟ್ಟಿದ ಅಕ್ಕನದ್ದು ಒಂದಾದ್ರೂ ತೆಗೆದಿದ್ದೀಯೇನೆ?"

"ಬೆಟ್ಟ ಬದಲಾಗುತ್ತೆ ಅಕ್ಕ. ನೀನು ಮಳೆಗಾಲಕ್ಕೂ ಅದೇ ಮುಖ, ಚಳಿಗಾಲಕ್ಕೂ ಅದೇ ಮುಖ."

ಹದಿನೇಳು ವರ್ಷದ ಈ ಸಾಲಿನಲ್ಲಿ ಒಂದೂ ಆಗಸ್ಟ್ ಇರಲಿಲ್ಲ. ಕ್ಯಾಮೆರಾ ಬಂದ ದಿನವೇ ಊರು ಹಾಕಿದ ಷರತ್ತು ಅದು. ಇಲ್ಲಿ ಆಗಸ್ಟ್ ಎಂದರೆ ಮಳೆಯಿಲ್ಲದ ಚಳಿಗಾಲದ ಕೊನೆ; ನೆಲತಾಯಿ ಹಸಿದು ಬಾಯಿ ತೆರೆದಿರುತ್ತಾಳೆ. ಅವಳಿಗೆ ಉಣಿಸಬೇಕು. ಉಣ್ಣುವವರ ಬಾಯಿಯನ್ನು ದಿಟ್ಟಿಸಿ ನೋಡಬಾರದು. ತಂಡದವರು ಒಮ್ಮೆ ಒತ್ತಾಯ ಮಾಡಿದ್ದರು. ಬಾಸಿಲಿಯಾ ಆಗಲ್ಲ ಎಂದರು. ಜುಲೈ ಕೊನೆಗೆ ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರೆ ಮತ್ತೆ ಇಳಿಸುತ್ತಿದ್ದುದು ಸೆಪ್ಟೆಂಬರಿನಲ್ಲೇ.

ಆದರೆ ಆಲ್ಪಕಗಳು ಸಾಯುವುದು ಆಗಸ್ಟಿನಲ್ಲಿ.

ಹೋದ ವರ್ಷ ಸತ್ತವು ಎಷ್ಟೆಂದರೆ ಚರ್ಮ ಸುಲಿಯಲು ಕೈಗಳು ಸಾಲಲಿಲ್ಲ. ಒಣಹುಲ್ಲು ಕಳಿಸಿ ಎಂದು ಬೇಡಿಕೊಳ್ಳಲು ಊರಿನವರು ಪೇಟೆಯ ಕಚೇರಿಗೆ ಇಳಿದರು. ಪುರಾವೆ ಕೇಳಿದಾಗ ಬಾಸಿಲಿಯಾರ ಚಿತ್ರಗಳನ್ನು ಮುಂದಿಟ್ಟರು. ಜುಲೈ ಚಿತ್ರದಲ್ಲಿ ಹಳದಿಯ ನಡುವೆ ಇನ್ನೂ ಹಸಿರು ಇತ್ತು. ಸೆಪ್ಟೆಂಬರ್ ಚಿತ್ರದಲ್ಲಿ ಮೊದಲ ಹನಿಗೆ ಎದ್ದ ಕುಡಿಗಳಿದ್ದವು. "ಹುಲ್ಲು ಇದೆಯಲ್ಲ" ಎಂದರು ಕಚೇರಿಯವರು. ಊರಿನವರು ಬರಿಗೈಯಲ್ಲಿ ಹತ್ತಿ ಬಂದರು.

ಈ ವರ್ಷ ಜುಲೈ ಕೊನೆಯ ಭಾನುವಾರ ಊರ ಸಭೆ ಸೇರಿತು. ಆಗಸ್ಟಿನಲ್ಲೂ ಚಿತ್ರ ತೆಗೆಯಬೇಕು ಎಂದು ಮೊದಲು ಹೇಳಿದವರು ದೋನ್ ಮೆಲ್ಚೋರ್. ಹಿಂದೆ ಊರಿನ ಪರವಾಗಿ ಷರತ್ತು ಹಾಕಿದ್ದೂ ಅವರೇ. ಪೆಲಾಹಿಯಾ ಎದ್ದು ನಿಂತರು.

"ಹಸಿದವಳ ಮುಖಕ್ಕೆ ಆ ಪೆಟ್ಟಿಗೆ ಹಿಡೀತೀರಾ? ಅವಳು ಸುಮ್ನಿರ್ತಾಳಾ?"

"ಸುಮ್ನಿದ್ದು ಏನು ಕೊಟ್ಲು ನಮಗೆ?" ಎಂದರು ಮುದುಕರು. ಹೇಳಿದ ಮೇಲೆ ಟೋಪಿಯಿಂದ ಬಾಯಿ ಮುಚ್ಚಿಕೊಂಡರು.

ಹಾಗೆ ತೆಗೆದದ್ದು ಆ ಬೆಳಗಿನ ಚಿತ್ರ. ಅದರಲ್ಲಿ ಹುಲ್ಲುಗಾವಲು ಕಂದು. ನಡುವಿನ ಹೊಂಡ ಒಣಗಿ ಬಿರುಕು ಬಿಟ್ಟಿದೆ. ಅಂಚಿನಲ್ಲಿ ಮಲಗಿರುವ ಎರಡು ಪ್ರಾಣಿಗಳು ನಿದ್ದೆ ಮಾಡುತ್ತಿಲ್ಲ. ಬಾಸಿಲಿಯಾ ಆ ಚಿತ್ರವನ್ನು ಎರಡನೇ ಸಲ ನೋಡಿಲ್ಲ.

ಮೂರನೇ ದಿನ ಅವರೂ ದೋನ್ ಮೆಲ್ಚೋರ್ ಅವರೂ ಪೇಟೆಗೆ ಇಳಿದರು. ಕಚೇರಿಯಲ್ಲಿದ್ದವನು ಚಿಕ್ಕ ವಯಸ್ಸಿನ ಅಧಿಕಾರಿ. ಇಬ್ಬರಿಗೂ ಕುರ್ಚಿ ಹಾಕಿಸಿದ, ಟೀ ತರಿಸಿದ. ಚಿತ್ರವನ್ನು ಬಹಳ ಹೊತ್ತು ನೋಡಿದ.

"ಅಮ್ಮಾ, ಇದು ನಿಜವಾಗಿಯೂ ಕೆಟ್ಟದಾಗಿದೆ. ಆದ್ರೆ ಆಗಸ್ಟಲ್ಲಿ ಎಲ್ಲಾ ಕಡೆ ಒಣಗೇ ಇರುತ್ತೆ ಅಂತ ಮೇಲಿನವರು ಹೇಳ್ತಾರೆ. ಹಳೇ ಆಗಸ್ಟಿಗಿಂತ ಈ ಆಗಸ್ಟ್ ಕೆಟ್ಟದು ಅಂತ ನಾನು ತೋರಿಸಬೇಕು. ಹಳೇದು ಕೊಡಿ."

"ಇಲ್ಲಪ್ಪ."

"ಒಂದೂ ಇಲ್ವಾ?"

"ನಾವು ನೋಡ್ತಾ ಇರ್ಲಿಲ್ಲ."

ಅವನು ಚಿತ್ರವನ್ನು ತಿರುಗಿಸಿ ಅವರ ಕಡೆಗೆ ಸರಿಸಿದ. ಬೈಯಲಿಲ್ಲ, ನಗಲಿಲ್ಲ. ಬಾಗಿಲವರೆಗೆ ಬಂದು ಬೀಳ್ಕೊಟ್ಟ.

ಹೊರಗಿನ ಮೆಟ್ಟಿಲ ಮೇಲೆ ದೋನ್ ಮೆಲ್ಚೋರ್ ಕೂತರು. "ಅವಳ ಮರ್ಯಾದೆಯೂ ಹೋಯ್ತು, ಹುಲ್ಲೂ ಬರ್ಲಿಲ್ಲ" ಎಂದರು. ಇಬ್ಬರೂ ಲಾರಿ ಹತ್ತಿ ವಾಪಸು ಬಂದರು.

ಬಾಸಿಲಿಯಾ ಮನೆ ತಲುಪುವಾಗ ಪೆಲಾಹಿಯಾ ಹೊಳೆಯ ಬದಿಯಲ್ಲಿ ಗಬ್ಬದ ಆಲ್ಪಕವೊಂದರ ಚರ್ಮ ಸುಲಿಯುತ್ತಿದ್ದರು. ಕೈ ಮೊಣಕೈವರೆಗೆ ಕೆಂಪಾಗಿತ್ತು. ತಂಗಿ ನೀರು ದಾಟದೆ ಈಚೆ ದಡದಲ್ಲೇ ನಿಂತರು.

"ಅಲ್ಲೇ ಯಾಕೆ ಕಂಬದ ಹಾಗೆ ನಿಂತಿದ್ದೀಯ? ಬಾ, ಈ ಕಾಲು ಹಿಡ್ಕೊ."

"ಅಕ್ಕ, ನಾನು ಆ ಫೋಟೊ..."

"ಹುಚ್ಚಿ, ಇದು ನಿನ್ನ ಫೋಟೊದಿಂದ ಸತ್ತಿದ್ದಾ? ಹೊಟ್ಟೆಗಿಲ್ಲದೆ ಸತ್ತಿದ್ದು. ಹಿಡ್ಕೊ ಅಂದ್ನಲ್ಲ, ಜಾರುತ್ತೆ."

ಸಂಜೆವರೆಗೆ ಇಬ್ಬರೂ ಸುಲಿದರು. ಹೊಟ್ಟೆಯೊಳಗಿನ ಮರಿಯನ್ನು ಪೆಲಾಹಿಯಾ ಬೇರೆ ಬಟ್ಟೆಯಲ್ಲಿ ಸುತ್ತಿಟ್ಟರು. ಮಾರನೆಯ ದಿನ ದೋನ್ ಮೆಲ್ಚೋರ್ ಅದನ್ನು ನೆಲಕ್ಕೆ ಒಪ್ಪಿಸಿದರು. ಈ ಸಲ ಅವಳಿಗೆ ಏನು ಹೇಳಿದರೆಂದು ಯಾರೂ ಕೇಳಲಿಲ್ಲ.

ಈಗ ಸೆಪ್ಟೆಂಬರ್ ಮುಗಿಯುತ್ತ ಬಂದಿದೆ. ಪೆಲಾಹಿಯಾರ ಮಂದೆ ಅರ್ಧಕ್ಕಿಳಿದಿದೆ. ಮಿಕ್ಕವನ್ನು ಕೆಳಗಿನ ಕಣಿವೆಗೆ ಹೊಡೆದುಕೊಂಡು ಹೋಗುವ ಮಾತು ಊರಿನಲ್ಲಿ ನಡೆದಿದೆ. ಕೆಳಗಿನವರು ಹುಲ್ಲು ಬಿಟ್ಟುಕೊಡುತ್ತಾರೆಂಬ ನಂಬಿಕೆ ಯಾರಿಗೂ ಇಲ್ಲ. ಬಾಸಿಲಿಯಾ ವಾರಕ್ಕೊಮ್ಮೆ ಬಂಡೆ ಹತ್ತುತ್ತಲೇ ಇದ್ದಾರೆ. ಹಿಂದಿನ ದಿನದ, ಹೆಪ್ಪುಗಟ್ಟಿಸಿ ಒಣಗಿಸಿದ ಆಲೂಗಡ್ಡೆಯ ಚುನ್ಯೊ ಗಂಜಿಯನ್ನೇ ಬಿಸಿ ಮಾಡಿಕೊಂಡು ಒಲೆಯ ಮುಂದೆ ಕೂತಿರುವಾಗ, ಮುಂದಿನ ಆಗಸ್ಟಿನ ವಿಷಯ ಬರುತ್ತದೆ.

"ಹೋಗ್ತೀನಿ. ಹೋಗ್ಲೇಬೇಕಲ್ಲ. ಎರಡಿದ್ರೆ ತಾನೆ ಒಂದರ ಪಕ್ಕ ಇನ್ನೊಂದು ಇಡೋಕಾಗೋದು."

ಬೆಂಕಿಗೆ ಸಗಣಿಯ ಬೆರಣಿ ಮುರಿದು ಹಾಕುತ್ತಾರೆ. ಬಿಟ್ಟುಹೋದ ಆಗಸ್ಟುಗಳ ಬಗ್ಗೆ ಬೇಸರವಿಲ್ಲವೇ ಎಂದು ಕೇಳಿದರೆ, ಗಂಜಿ ಮುಗಿಸಿ, ಬಟ್ಟಲು ತೊಳೆದಿಟ್ಟು ಬಂದು ಕೂತ ಮೇಲೆ ಹೇಳುತ್ತಾರೆ:

"ಬೇಸರ ಇದೆ. ಸತ್ತ ಪ್ರಾಣಿಗಳನ್ನ ನೋಡಿದ್ರೆ ಇದೆ. ಆದ್ರೆ ನಾಚಿಕೆ ಇಲ್ಲ. ಕ್ಯಾಮೆರಾ ಇದ್ದಿದ್ದು ನನ್ನ ಮನೇಲಿ, ಬಂಡೆ ಇಲ್ಲೇ ಮೇಲೆ, ಕೇಳೋರು ಯಾರೂ ಇರ್ಲಿಲ್ಲ. ಹದಿನೇಳು ವರ್ಷದಲ್ಲಿ ಒಂದು ಸಲಾನೂ ನಾನು ಕದ್ದು ನೋಡ್ಲಿಲ್ಲ."