ನಂಜುಂಡಪ್ಪನವರ ಒಳ್ಳೆಯ ತೂಕ

ಕೋವಿಡ್ ವಾರ್ಡುಗಳು ಮುಚ್ಚಿದ ಮರುವರ್ಷ ನಾನು ಯಲಹಂಕ ಕಡೆಯ ಒಂದು ಆಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲಿ ನರ್ಸಿಂಗ್ ಇನ್‌ಚಾರ್ಜ್ ಆಗಿದ್ದೆ. ಹನ್ನೆರಡು ಮಂಚ, ಹನ್ನೆರಡು ಯಂತ್ರ, ಮತ್ತು ನನ್ನ ಬಾಯಿ. ಬೈಯದೆ ಕೆಲಸ ಮಾಡಿಸುವ ವಿದ್ಯೆ ನನಗೆ ಕೊನೆಗೂ ಬರಲಿಲ್ಲ. ನಿವೃತ್ತಿಗೆ ಇನ್ನೊಂದು ವರ್ಷವಿತ್ತು.

ಮೂತ್ರಪಿಂಡ ಕೈಕೊಟ್ಟವರು ವಾರಕ್ಕೆ ಮೂರು ಸಲ ಬಂದು, ನಾಲ್ಕು ಗಂಟೆ ಯಂತ್ರಕ್ಕೆ ತೋಳು ಕೊಟ್ಟು ಮಲಗಬೇಕು. ಕುಡಿದ ನೀರು ಅವರ ಮೈಯಿಂದ ಹೊರಗೆ ಹೋಗುವುದಿಲ್ಲ, ತೂಕವಾಗಿ ಉಳಿಯುತ್ತದೆ. ಆ ನೀರಿಲ್ಲದ ತೂಕಕ್ಕೆ ಡ್ರೈ ವೇಯ್ಟ್ ಎನ್ನುತ್ತೇವೆ. ಬಂದ ಕೂಡಲೇ ತೂಕ ನೋಡಿ, ಅದಕ್ಕಿಂತ ಎಷ್ಟು ಏರಿದೆಯೋ ಅಷ್ಟು ನೀರು ತೆಗೆಯುತ್ತೇವೆ. ನಾಲ್ಕು ಕೆಜಿ ಏರಿಸಿಕೊಂಡು ಬಂದವರಿಗೆ ನನ್ನಿಂದ ಮಂಗಳಾರತಿ. ಎಲ್ಲರಿಗಿಂತ ಕಡಿಮೆ ಏರಿದವರ ಹೆಸರನ್ನು ತೂಕದ ಯಂತ್ರದ ಪಕ್ಕದ ಬೋರ್ಡಿನಲ್ಲಿ ವಾರಕ್ಕೊಮ್ಮೆ ಬರೆದು, ಮುಂದೊಂದು ನಕ್ಷತ್ರ ಹಾಕುತ್ತಿದ್ದೆ. ಆ ಬೋರ್ಡು ನನ್ನದೇ ಉಪಾಯ. ಅದರ ಬಗ್ಗೆ ಜಂಬವೂ ಇತ್ತು.

ನಂಜುಂಡಪ್ಪ ಅಬ್ಬಿಗೆರೆಯವರು. ಐವತ್ತನಾಲ್ಕು ವರ್ಷ, ಸಿಟಿ ಬಸ್ ಡ್ರೈವರ್. ಮೊದಮೊದಲು ಬಲು ತರಲೆ. ಹೆಬ್ಬಾಳ ಫ್ಲೈಓವರಿನ ಜಾಮಿಗೆ ಯಾರ್ಯಾರು ಕಾರಣ ಎಂದು ಮಲಗಿದಲ್ಲಿಂದಲೇ ತೀರ್ಪು ಕೊಡುತ್ತಿದ್ದರು. ಕದ್ದು ಎರಡು ಟೀ ಜಾಸ್ತಿ ಕುಡಿದು ಬಂದು ಬೈಸಿಕೊಳ್ಳುತ್ತಿದ್ದರು. ಕಾಯಿಲೆಯಿಂದಾಗಿ ಕೆಲಸ ಬಿಟ್ಟ ಮೇಲೆ ಮಾತು ನಿಂತಿತು. ಹೇಳಿದ ಹೊತ್ತಿಗೆ ಬರುವುದು, ಮಲಗುವುದು, ಹೋಗುವುದು. ತೂಕ ಏರುತ್ತಿದ್ದುದು ಒಂದೇ ಕೆಜಿ. ಕೊನೆಗೂ ದಾರಿಗೆ ಬಂದರಲ್ಲ ಎಂದುಕೊಂಡೆ. ಎಂಟು ವಾರ ಬೋರ್ಡಿನಲ್ಲಿ ಅವರದೇ ಹೆಸರು. ಪಕ್ಕದ ಮಂಚದ ಶೈಲಜಾ, ಆರ್.ಟಿ. ನಗರದ ಬ್ಯಾಂಕ್ ಉದ್ಯೋಗಿ, ಮಜ್ಜಿಗೆ ಕಂಡರೆ ತಡೆಯಲಾರದವಳು. ನಂಜುಂಡಪ್ಪನವರನ್ನು ನೋಡಿ ಕಲಿಯಮ್ಮ ಎಂದು ಅವಳಿಗೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

ಒಂದು ಸೋಮವಾರ ನಂಜುಂಡಪ್ಪ ಉಸಿರಾಡಲಾಗದೆ ಆಟೋದಲ್ಲಿ ಬಂದರು. ತೂಕ ಎಂದಿನಂತೆಯೇ ಅರವತ್ತಮೂರು. ಎಕ್ಸ್‌ರೇ ತೆಗೆಸಿದರೆ ಶ್ವಾಸಕೋಶದ ತುಂಬ ನೀರು. ನೀರು ತೆಗೆದು ಜೀವ ಉಳಿಸಿದ ಮೇಲೆ ನಮ್ಮ ಡಾಕ್ಟರು ಅವರ ತೋಳೆತ್ತಿ ತೋರಿಸಿದರು. ಮಾಂಸವೇ ಇರಲಿಲ್ಲ. ಊಟ ಬಿಟ್ಟು ಮೈ ಕರಗಿತ್ತು, ಕರಗಿದಷ್ಟೂ ನೀರು ತುಂಬಿಕೊಂಡಿತ್ತು. ತೂಕದ ಯಂತ್ರಕ್ಕೆ ಎರಡೂ ಒಂದೇ. ಮೈಯಲ್ಲಿ ನೀರು ನಿಂತಿದ್ದಕ್ಕೆ ಬಿ.ಪಿ. ಏರಿದಾಗಲೂ ಮಾತ್ರೆ ಹೆಚ್ಚಿಸಿ ನಾವು ಸುಮ್ಮನಿದ್ದೆವು.

ಊಟದ ವಿಷಯ ವಿಚಾರಿಸಿರಲಿಲ್ಲವೇ ಎಂದು ಡಾಕ್ಟರು ಕೇಳಿದರು. ವಿಚಾರಿಸಿದ್ದೆ. ಪ್ರತಿ ಸಲವೂ "ತಿಂಡಿ ಆಯ್ತಾ?" ಎಂದಿದ್ದೆ, ಅವರು "ಆಯ್ತು ಸಿಸ್ಟರ್" ಎಂದಿದ್ದರು. ದಾರಿಯಲ್ಲಿ ಸಿಕ್ಕವರನ್ನು ನಾವೆಲ್ಲ ಕೇಳುವ ಹಾಗೆ ಕೇಳಿ, ಉತ್ತರ ಮುಗಿಯುವ ಮೊದಲೇ ಮುಂದಿನ ಮಂಚಕ್ಕೆ ಹೋಗಿರುತ್ತಿದ್ದೆ.

ಅವರ ಹೆಂಡತಿ ಜಯಮ್ಮ ಕಾರಿಡಾರಿನಲ್ಲಿ ಕೂತಿದ್ದರು. ಎರಡು ತಿಂಗಳಿಂದ ಹೊತ್ತಿಗೆ ಅರ್ಧ ಮುದ್ದೆಯೂ ಒಳಗೆ ಹೋಗಿಲ್ಲವೆಂದರು. "ಒಂದ್ ತುತ್ತು ಜಾಸ್ತಿ ಇಕ್ಕುದ್ರೆ, ಸಿಸ್ಟರೇ ನನ್ನೆಸ್ರು ಬೋರ್ಡಲ್ಲಿ ಬರ್ದವ್ರೆ, ಇಂಗೇ ಇರ್ಬೇಕಂತೆ ಅಂತಿದ್ರು. ನೀವೇ ಏಳಿದ್ಮೇಲೆ ನಾನೇನ್ ಏಳ್ಲಿ?"



ಮನೋವೈದ್ಯರು ಬಂದು ನೋಡಿ, ಇದು ಖಿನ್ನತೆ ಎಂದರು. ಡಯಾಲಿಸಿಸ್ ತಪ್ಪಿಸುವವರ ಮನಸ್ಸನ್ನಷ್ಟೇ ನೀವು ಅನುಮಾನಿಸುತ್ತೀರಿ, ತಪ್ಪದೆ ಬರುವವರದನ್ನಲ್ಲ ಎಂದೂ ಹೇಳಿದರು. ಮಾತ್ರೆ ಶುರುವಾಯಿತು. ನಂಜುಂಡಪ್ಪ ಮೂರು ವಾರ ಬಂದರು, ನಾಲ್ಕನೇ ವಾರ ಬರಲಿಲ್ಲ. ಫೋನ್ ಎತ್ತಲಿಲ್ಲ. ರಜೆ ಹಾಕಿ ಅಬ್ಬಿಗೆರೆಗೆ ಹೋದೆ.

ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಬೈದೆ, ಕೈ ಹಿಡಿದುಕೊಂಡೆ, ಅತ್ತೂ ಬಿಟ್ಟೆ. ಆಗ ನನ್ನ ಕಡೆ ತಿರುಗಿದರು.

"ಡ್ಯೂಟಿ ಅಂತ ಬತ್ತಿದ್ದೆ ಸಿಸ್ಟರ್. ಬೋರ್ಡಲ್ಲಿ ಎಸ್ರು ಇದ್ದಾಗ ಮನೇಲಿ ಯಾರೂ ಉಣ್ಣು ಉಣ್ಣು ಅಂತ ಪೀಡಿಸ್ತಿರ್ಲಿಲ್ಲ. ಅದೊಂದ್ ನೆಮ್ದಿ ಇತ್ತು."

ಡಾಕ್ಟರು, ಮನೋವೈದ್ಯರು ಇಬ್ಬರೂ ಫೋನಿನಲ್ಲಿ ಮಾತಾಡಿ ನೋಡಿದರು. ಡಯಾಲಿಸಿಸ್‌ಗೆ ಬರಲು ನಂಜುಂಡಪ್ಪ ಒಪ್ಪಲಿಲ್ಲ. ನಾನು ನೋಡಿ ಬಂದ ಆರನೆಯ ದಿನ ಹೋಗಿಬಿಟ್ಟರು.

ಬೋರ್ಡನ್ನು ನಾನೇ ಕಳಚಿಸಿದೆ. ಕದ್ದು ಮಜ್ಜಿಗೆ ಕುಡಿಯುವ ಶೈಲಜಾಳಿಗೆ ಇನ್ನೂ ಏನೋ ಬೇಕಿತ್ತು. ಏನೂ ಬೇಡವಾಗಿದ್ದವರಿಗೆ ನಾನು ನಕ್ಷತ್ರ ಹಾಕಿದ್ದೆ. ತಂಟೆ ಮಾಡದ ರೋಗಿಯ ಬಳಿ ಹೆಚ್ಚು ಹೊತ್ತು ನಿಲ್ಲಬೇಕೆಂದು ಈ ಕೆಲಸ ನನಗೆ ಕಲಿಸಿತು, ಅದೂ ಎಲ್ಲ ಮುಗಿಯುವ ಹೊತ್ತಿಗೆ.

ಹೋದ ತಿಂಗಳು ಶೈಲಜಾಳನ್ನು ನೋಡಲು ಘಟಕಕ್ಕೆ ಹೋಗಿದ್ದೆ. ತೂಕದ ಯಂತ್ರದ ಪಕ್ಕ ಹೊಸ ಬೋರ್ಡು, ಒಂದು ಹೆಸರು, ಮುಂದೆ ನಕ್ಷತ್ರ. ಐದು ವಾರದಿಂದ ಇವರೇ ಫಸ್ಟು, ಒಂಚೂರೂ ತಂಟೆಯಿಲ್ಲ ಎಂದು ಹೊಸ ಇನ್‌ಚಾರ್ಜ್ ಹೆಮ್ಮೆಯಿಂದ ಹೇಳಿದಳು. ನಂಜುಂಡಪ್ಪನವರ ವಿಷಯ ಹೇಳತೊಡಗಿದೆ. ತಲೆಯಾಡಿಸಿದಳು, ಅಷ್ಟರಲ್ಲಿ ಯಾವುದೋ ಯಂತ್ರ ಕೂಗಿಕೊಂಡಿತು, ಓಡಿದಳು.

ಬೋರ್ಡಿನಲ್ಲಿದ್ದ ಹೆಸರಿನ ಹೆಂಗಸು ಏಳನೆಯ ಮಂಚದಲ್ಲಿದ್ದರು. ನಾನೂ ಇಲ್ಲಿ ಸಿಸ್ಟರ್ ಆಗಿದ್ದವಳೇ ಎಂದು ಹೇಳಿ, ಪಕ್ಕದಲ್ಲಿ ಕೂತು, ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದೆ.

"ಆಯ್ತು ಸಿಸ್ಟರ್," ಎಂದರು.